ಮೀಟಿಂಗ್ ರೂಮಿನಲ್ಲಿ ತೊಟ್ಟಿಲು ಕಟ್ಟಿಸಿದ ಡೈರೆಕ್ಟರಮ್ಮ

ಹತ್ತಿಯಿಂದ ಬೀಜ ಬೇರ್ಪಡಿಸುವ ಹರಿಹರದ ಜಿನ್ನಿಂಗ್ ಮಿಲ್ಲಿನ ಅಂಗಳದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ದಾವಣಗೆರೆಯ ಎಸ್.ಎಸ್. ಬಡಾವಣೆಯಿಂದ ಮೊದಲ ಬಸ್ಸಿಗೆ ಬಂದಿಳಿದ ಬಸವಣ್ಣೆಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಹತ್ತಿ ಆರಿಸುವ ಹೆಂಗಸರ ನಡುವೆ ಕೂತಿದ್ದಾರೆ. ಹೊಸಬರು ಇವರನ್ನೂ ಕೂಲಿಗೆ ಬಂದವರೆಂದೇ ತಿಳಿಯುತ್ತಾರೆ. ಆದರೆ ಇವರು ಈ ಕಂಪನಿಯ ಐವರು ಡೈರೆಕ್ಟರುಗಳಲ್ಲಿ ಒಬ್ಬರು, ಹೆಂಗಸು ಇವರೊಬ್ಬರೇ.

ಪತಿ ಕಲ್ಲೇಶಪ್ಪ ತೀರಿಕೊಂಡಾಗ ಅವರ ಜಾಗಕ್ಕೆ ಇವರ ಹೆಸರು ಬಂತು. "ಮೀಟಿಂಗಿಗೆ ಬರೋದು ಬ್ಯಾಡ್ರಿ ಅತ್ತಿಗೆ. ಕಾಗದ ಮನೆಗೇ ಕಳಿಸ್ತೀವಿ, ಸೈನ್ ಹಾಕ್ರಿ ಸಾಕು" ಎಂದಿದ್ದರು ಮಿಲ್ ನೋಡಿಕೊಳ್ಳುವ ಮೈದುನ ಮಹಾಂತೇಶ್. ಎರಡು ವರ್ಷ ಹಾಗೇ ನಡೆಯಿತು.

ಹೋದ ವರ್ಷ, ತೊಂಬತ್ತೇಳರ ಹತ್ತಿ ಸೀಸನ್ನಿನಲ್ಲಿ, ಕೆಲಸಗಾರ್ತಿ ಚೌಡವ್ವನ ಎಳೆಗೂಸು ಹತ್ತಿ ರಾಶಿಯ ಪಕ್ಕ ಮಲಗಿತ್ತು. ರಾಶಿ ಜಾರಿತು. ಹೆಂಗಸರು ಕೈಯಲ್ಲೇ ಬಗೆದು ಹೊರತೆಗೆದಾಗ ಕೂಸಿನ ಮುಖ ನೀಲಿಗಟ್ಟಿತ್ತು. ಬೆನ್ನು ತಟ್ಟಿದರು, ಗಾಳಿ ಹಾಕಿದರು, ಕೊನೆಗೂ ಅತ್ತಿತು. ಮರುವಾರ ಬಸವಣ್ಣೆಮ್ಮನ ಮನೆಗೆ ಬಂದ ಕಾಗದದಲ್ಲಿ, ಕೂಸಿರುವ ಹೆಂಗಸರನ್ನು ಇನ್ನು ಕೆಲಸಕ್ಕೆ ತೆಗೆದುಕೊಳ್ಳಬಾರದು ಎಂಬ ತೀರ್ಮಾನವಿತ್ತು. ಸೈನ್ ಹಾಕಲಿಲ್ಲ. ಮೀಟಿಂಗಿನ ದಿನ ಹರಿಹರದ ಬಸ್ ಹತ್ತಿದರು.

"ಆರಿಸೋ ಕೈಗಳನ್ನೇ ಕಳಿಸಿದ್ರೆ ಮಿಲ್ ಹೆಂಗೆ ನಡೀತೈತೆ ಅಂತ ಕೇಳ್ದೆ. ಹಂಗಾದ್ರೆ ಕೂಸುಗಳನ್ನ ಎಲ್ಲಿಡೋಣ ಅಂದ್ರು. ಈ ರೂಮಲ್ಲೇ ಇಡ್ರಿ ಅಂದೆ" ಎಂದು ನೆನೆಯುತ್ತಾರೆ ಬಸವಣ್ಣೆಮ್ಮ.

ಅದು ತಿಂಗಳಿಗೊಮ್ಮೆ ಮಾತ್ರ ಬೀಗ ತೆಗೆಯುತ್ತಿದ್ದ ಮೀಟಿಂಗ್ ರೂಮು. ಹಿರಿಯ ಡೈರೆಕ್ಟರೊಬ್ಬರು ಎದ್ದು ಹೊರನಡೆದರು. ಮಹಾಂತೇಶ್ ಮಾತ್ರ, "ಈ ಸೀಸನ್ ಮುಗಿಯೋವರೆಗೆ ನೋಡೋಣ" ಎಂದರು.

ಈಗ ಅಲ್ಲಿ ಆರು ತೊಟ್ಟಿಲು ತೂಗುತ್ತಿವೆ. ಕೂಸುಗಳನ್ನು ನೋಡಿಕೊಳ್ಳಲು ಸುಂಕಲಮ್ಮ ಇದ್ದಾರೆ. ಡೈರೆಕ್ಟರುಗಳು ಮೀಟಿಂಗಿಗೆ ತೂಕದ ಕೋಣೆಯಲ್ಲಿ ಸ್ಟೂಲು ಹಾಕಿಕೊಂಡು ಕೂರುತ್ತಾರೆ. ಮೊದಲೆಲ್ಲ ಸೀಸನ್ ನಡುವೆಯೇ ಅರ್ಧದಷ್ಟು ಹೆಂಗಸರು ಬಿಟ್ಟುಹೋಗುತ್ತಿದ್ದರು. ಈಗ ಹೆಚ್ಚುಕಡಿಮೆ ಎಲ್ಲರೂ ಉಳಿಯುತ್ತಾರೆ. ಪಳಗಿದ ಕೈಗಳು ಆರಿಸುವುದರಿಂದ ಅರಳೆ ಚೊಕ್ಕಟವಾಗಿದೆ. ಕಸ ಜಾಸ್ತಿಯೆಂದು ಮುಖ ತಿರುಗಿಸಿದ್ದ ಖರೀದಿದಾರರು ಮರಳಿದ್ದಾರೆ. "ಅತ್ತಿಗೆ ಅಂದದ್ದು ನಮಗೆ ಹೊಳೆದೇ ಇರ್ಲಿಲ್ಲ" ಎನ್ನುತ್ತಾರೆ ಮಹಾಂತೇಶ್.

ಚೌಡವ್ವ ಹತ್ತಿಯಿಂದ ಕಣ್ಣೆತ್ತದೆ ನಗುತ್ತಾಳೆ. "ನನ್ನ ಮಗನಿಗೆ ಈಗ ಕಾಲು ಬಂದಾವ್ರಿ. ನಾನು ಕರೆದ್ರೂ ಆ ರೂಮು ಬಿಟ್ಟು ಬರಲ್ಲ."

"ಎಲ್ಲಾ ನನ್ನಿಂದ್ಲೇ ಅಂತ ಬರೀಬ್ಯಾಡ್ರಿ, ಈ ವರ್ಷ ಹತ್ತಿನೂ ಚಲೋ ಬಂದೈತೆ" ಎಂದು ಬಸವಣ್ಣೆಮ್ಮ ಎಚ್ಚರಿಸುತ್ತಾರೆ. ಮತ್ತೇನು ಆಸೆ ಎಂದರೆ ಹತ್ತಿ ಆರಿಸುತ್ತಲೇ ಹೇಳುತ್ತಾರೆ.

"ಮೀಟಿಂಗಲ್ಲಿ ನನ್ನ ಪಕ್ಕ ಇನ್ನೊಬ್ಬ ಹೆಣ್ಣುಮಗಳು ಕೂಡ್ರಬೇಕ್ರಿ. ಒಬ್ಬಾಕಿನೇ ಮಾತಾಡಿದ್ರೆ ಹಟ ಅಂತಾರೆ. ಇಬ್ರಾದ್ರೆ ಕೇಳಿಸ್ಕೊಂತಾರೆ."