ಪತ್ರದ ಈರಣ್ಣ ಹೇಳಿದ ಜಂಟಿ ಹಕ್ಕು

ಪತ್ರದ ಈರಣ್ಣನವರ ಗಂಟಲಿಗೆ ಗುಟ್ಟು ಎಂಬುದೇ ಗೊತ್ತಿರಲಿಲ್ಲ. ಶಿರಾದ ನೋಂದಣಿ ಕಚೇರಿಯ ಎದುರು ಹೊಂಗೆ ಮರದ ಕೆಳಗೆ ಮೇಜು ಹಾಕಿಕೊಂಡು ಜನರ ಕ್ರಯಪತ್ರ, ವಿಭಾಗಪತ್ರ ಬರೆದುಕೊಡುತ್ತಿದ್ದರು. ಬರೆದದ್ದನ್ನು ಸಹಿಗೆ ಮುಂಚೆ ಎದ್ದು ನಿಂತು ಗಟ್ಟಿಯಾಗಿ ಓದಲೇಬೇಕು. ಯಾರಿಗೆ ಯಾವ ಹೊಲ ಬಂತೆಂದು ಟೀ ಅಂಗಡಿಯವನಿಗೂ ಬಾಯಿಪಾಠ! ಓದಿದ ಮೇಲೆ ಒಂದು ಪರೀಕ್ಷೆ ಬೇರೆ: "ಏನ್ ಕೇಳುಸ್ತು? ನಿನ್ ಬಾಯಾಗೆ ಹೇಳು." ಹೇಳದವರಿಗೆ ಪೆನ್ನು ಕೊಡುತ್ತಿರಲಿಲ್ಲ. ಕಂಪ್ಯೂಟರ್ ಬಂದ ಮೇಲೂ ಈ ಹಟ ಬಿಡಲಿಲ್ಲ. ಅವಸರದವರು ಬೈದುಕೊಂಡು ಪಕ್ಕದ ಮೇಜಿಗೆ ಹೋಗುತ್ತಿದ್ದರು.

ಅಪ್ಪ ತೀರಿಕೊಂಡ ವರ್ಷ ನನ್ನಣ್ಣ ತವರೂರು ಹುಲಿಕುಂಟೆಯಿಂದ ನಮ್ಮನೆಗೆ ಬಂದು, "ಏನಿಲ್ಲ, ಖಾತೆಗೆ ಒಂದ್ ಸೈನ್ ಹಾಕ್ಬೇಕು ಬಾರಮ್ಮ" ಎಂದು ಬೈಕಿನಲ್ಲಿ ಕೂರಿಸಿಕೊಂಡು ಹೋದ. ಅವನ ಗ್ರಹಚಾರ, ಅಂದು ಉಳಿದ ಮೇಜುಗಳೆಲ್ಲ ಭರ್ತಿ, ಈರಣ್ಣನವರದೊಂದೇ ಖಾಲಿ. ಅಂಗನವಾಡಿಯಲ್ಲಿ ಮಕ್ಕಳಿಗೆ ಅ ಆ ಇ ಈ ಹೇಳಿಕೊಡುವ ನಾನು, ಒಂದಕ್ಷರ ಓದದೆ ಸಹಿಗೆ ಕೈ ಚಾಚಿದೆ. ಈರಣ್ಣನವರು ಎದ್ದು ನಿಂತರು: "ಅವಿಭಕ್ತ ಆಸ್ತಿಯ ಜಂಟಿ ಹಕ್ಕುದಾರಳಾದ ನಾನು, ಅರಿಶಿನ ಕುಂಕುಮಕ್ಕೆಂದು ಕೊಟ್ಟದ್ದನ್ನು ಪಡೆದು, ನನ್ನ ಹಕ್ಕನ್ನು ಅಣ್ಣನಿಗೆ ಬಿಟ್ಟುಕೊಟ್ಟಿರುತ್ತೇನೆ..."

ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡೆ. "ಜಂಟಿ ಹಕ್ಕು ಅಂದ್ರೇನು ಈರಣ್ಣೋರೆ?" ಎಂದೆ.

"ಕುರಿಮಂದೆ ಇದ್ದಂಗೆ ಕಣಮ್ಮ. ಹಂಚ್ಕಣೋ ತನ್ಕ ಈ ಕುರಿ ನಂದು, ಆ ಕುರಿ ನಿಂದು ಅನ್ನಂಗಿಲ್ಲ. ಎಲ್ಲಾ ಕುರಿನೂ ಎಲ್ರುದೂವೆ. ಮರಿ ಯಾರನ್ನಾನ ಕೇಳಿ ಮಂದೆ ಸೇರ್ತದಾ? ಹುಟ್ತಿದ್ದಂಗೇ ಸೇರ್ತು. ನಿಂಗೂ ಅಂಗೇ, ಹುಟ್ಟಿದ್ದಕ್ಕೇ ಹಕ್ಕು." ಆಮೇಲೆ ಅಣ್ಣನ ಕಡೆ ತಿರುಗಿದರು. "ಅಲ್ಲಾ ಕಣ್ಲಾ, ಗಂಡುಮರಿ ಸಂತೆಗೆ ಹೊಡ್ದು ಹೆಣ್ಣುಮರಿ ಉಳುಸ್ಕಣೋ ಜನ ನೀವು. ಮನೇಲಿ ಮಾತ್ರ ತಲೆಕೆಳಗಾ?"

"ಬರೆಯೋದ್ ನಿಮ್ ಕೆಲ್ಸ, ಪುರಾಣ ಹೇಳೋದಲ್ಲ" ಎಂದು ಅಣ್ಣ ಸಿಡುಕಿದ. ನಾನು ಸಹಿ ಹಾಕಲಿಲ್ಲ. ಪಹಣಿಯಲ್ಲಿ ಇಬ್ಬರ ಹೆಸರೂ ಜಂಟಿಯಾಗಿ ಕೂತವು. ಆದರೆ ಆ ವರ್ಷ ಗೌರಿಹಬ್ಬಕ್ಕೆ ತವರಿನಿಂದ ಬಾಗಿನ ಬರಲಿಲ್ಲ. ಓಣಿಯ ಹೆಂಗಸರೆಲ್ಲ ಅವರವರ ಬಾಗಿನ ತೋರಿಸಿಕೊಂಡು ಓಡಾಡುವಾಗ ನಾನು ಬಾಗಿಲು ಹಾಕಿಕೊಂಡು ಅತ್ತೆ.

ಹಬ್ಬ ಕಳೆದ ವಾರ ಸೀದಾ ಈರಣ್ಣನವರ ಮೇಜಿಗೆ ಹೋಗಿ ಜಗಳ ತೆಗೆದೆ. ಅವರನ್ನು ಕಂಡದ್ದು ಅದೇ ಕೊನೆ. ದೀಪಾವಳಿಗೆ ಮುಂಚೆಯೇ ಹೋಗಿಬಿಟ್ಟರು. "ನಿಮ್ಮಿಂದ ನನ್ ತೌರು ಮುಚ್ಕಂಡ್ತು!" ಎಂದು ಬಾಯಿಗೆ ಬಂದಂತೆ ಬೈದೆ. ಅವರು ಎಲ್ಲವನ್ನೂ ಕೇಳಿಸಿಕೊಂಡು ಕನ್ನಡಕ ತೆಗೆದಿಟ್ಟರು.

"ಇವತ್ತೂ ಸೈನ್ ಹಾಕ್ಬೋದು ಕಣಮ್ಮ, ಬರ್ಕೊಡ್ತೀನಿ. ಆದ್ರೆ ಗೊತ್ತಿದ್ದು ಹಾಕು. ನಮ್ಮಕ್ಕ ನಂಗೆ ಹಕ್ಕು ಬಿಟ್ಕೊಟ್ಟ ಪತ್ರಾನೂ ನಾನೇ ಬರ್ದಿದ್ದು. ಓದಿ ಹೇಳ್ಲಿಲ್ಲ. ಖಾತೆಗೆ ಅಂದೆ, ಹೆಬ್ಬೆಟ್ಟು ಒತ್ಬುಟ್ಲು. ಬಾಗಿನ ಮಾತ್ರ ಒಂದ್ ವರ್ಸಾನೂ ತಪ್ಪಿಸ್ಲಿಲ್ಲ ನಾನು. ಸಾಯೋ ತನ್ಕ ಹಬ್ಬಕ್ಕೆ ಬಂದಾಗೆಲ್ಲ ಕೇಳೋಳು, 'ನಮ್ಮೊಲ ಹೆಂಗೈತ್ಲಾ?' ಅಂತ."

"ನೀವೇನಂತಿದ್ರಿ?"

"'ಚೆನ್ನಾಗೈತೆ ಕಣಕ್ಕ' ಅಂತಿದ್ದೆ."