ಕ್ರೋಟನ್ ಎಲೆ ಒರೆಸಿದ ಕೈ

ಹೊನ್ನಾಳಿಯಲ್ಲಿ ನಾವು ಬಾಡಿಗೆಗಿದ್ದಾಗ ಎದುರು ಮನೆಯಲ್ಲಿ ಒಬ್ಬ ಅಕ್ಕ ಇದ್ದರು. ಮಾತಾಡುವಾಗಲೆಲ್ಲ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು. ಹಾಲು ಉಕ್ಕಿ ಚೆಲ್ಲಿದರೂ, ಕರೆಂಟು ಹೋದರೂ ಅವರದು ಒಂದೇ ಮಾತು: “ಆಗ್ತೈತೆ ಬಿಡ್ರಿ, ನಿಧಾನಕ್ಕೆ ಆಗ್ತೈತೆ.”

ಬಸ್ ಓಡಿಸುತ್ತಿದ್ದ ಅವರ ಯಜಮಾನರಿಗೆ ಲಕ್ವ ಹೊಡೆದು ಬಲಗೈ ಸ್ವಾಧೀನ ತಪ್ಪಿತು. ಹಿಸುಕಲೆಂದು ಡಾಕ್ಟರು ಕೊಟ್ಟ ರಬ್ಬರ್ ಚೆಂಡನ್ನು ಅವರು ಸಿಟ್ಟಿನಿಂದ ಎಸೆದುಬಿಟ್ಟರು. ಅಕ್ಕ ಅದನ್ನು ಮತ್ತೆ ಕೊಡಲಿಲ್ಲ. ನಡುಮನೆಯ ಕಿಟಕಿಯಲ್ಲಿ ಕ್ರೋಟನ್ ಗಿಡದ ಕುಂಡವಿತ್ತು. ಯಜಮಾನರ ಕುರ್ಚಿಯನ್ನು ಅದರ ಹತ್ತಿರ ಎಳೆದು, ಬಲಗೈಗೆ ಒದ್ದೆ ಬಟ್ಟೆ ಕೊಟ್ಟರು.

“ಧೂಳು ಕೂತೈತ್ರಿ. ಒಂದೊಂದೇ ಎಲೆ ಒರೆಸ್ರಿ. ನಂಗೆ ಅಡುಗೆ ಮಾಡಾಕೆ ಹೊತ್ತಾಗ್ತೈತೆ.”

ಮೊದಲ ದಿನವೇ ಕೆಂಪು-ಹಳದಿ ಎಲೆಯೊಂದು ಕಿತ್ತು ಬಂತು. ಯಜಮಾನರು ಅತ್ತುಬಿಟ್ಟರು.

“ನನ್ ಕೈಲಿ ಏನೂ ಆಗಲ್ಲ ಕಣೇ.”

ಅಕ್ಕ ಎಲೆಯನ್ನು ಎತ್ತಿ ಕುಂಡದ ಮಣ್ಣಿಗೆ ಹಾಕಿದರು. “ಬರೋ ಎಲೆ ಬಂದೇ ಬರ್ತೈತೆ. ಆ ಕಡೇದು ಒರೆಸ್ರಿ,” ಎಂದು ಒಳಗೆ ಹೋದರು.

ಮಳೆಗಾಲ ಕಳೆಯುವ ಹೊತ್ತಿಗೆ ಎಲೆಗಳೆಲ್ಲ ಎಣ್ಣೆ ಹಚ್ಚಿದಂತೆ ಹೊಳೆಯುತ್ತಿದ್ದವು. ನಾವು ಚನ್ನಗಿರಿಗೆ ಮನೆ ಬದಲಿಸುವ ದಿನ ನಾನು ಒಂದು ಟೊಂಗೆ ಕೇಳಿದೆ. ಅಕ್ಕ ಕತ್ತರಿಸಿ, ನನಗೆ ಕೊಡದೆ ಯಜಮಾನರ ಬಲಗೈಯಲ್ಲಿಟ್ಟರು. ಆ ಕೈ ಮೆಲ್ಲಗೆ ಮೇಲೆದ್ದು ಅರ್ಧಕ್ಕೇ ನಿಂತಿತು. ತೆಗೆದುಕೊಳ್ಳಲು ನಾನು ಬಗ್ಗಿದೆ. ಅಕ್ಕ ಕಣ್ಣಲ್ಲೇ ಬೇಡವೆಂದರು. ನಾನು ಅಂಗೈ ಚಾಚಿ ಸುಮ್ಮನೆ ನಿಂತೆ. ಬಹಳ ಹೊತ್ತಿನ ಮೇಲೆ ಯಜಮಾನರೇ ಅದನ್ನು ನನ್ನ ಅಂಗೈಯಲ್ಲಿಟ್ಟರು.