ಶಾಲಾ ಕಮಿಟಿಯ ಉಪಾಧ್ಯಕ್ಷನಾದ ಮೇಲೆ

ಮಕ್ಕಳಿಗೆಂದು ಮಾಡಿದ ಬೆಂಚಿನ ಮೇಲೆ ದೊಡ್ಡವರು ಕುಳಿತರೆ ಮೊಣಕಾಲು ಗದ್ದದ ಹತ್ತಿರಕ್ಕೆ ಬರುತ್ತದೆ. ನೀವು ಇದನ್ನು ಗಮನಿಸಿರಲಿಕ್ಕಿಲ್ಲ. ಆಂಧ್ರದ ಆದೋನಿಯ ಅಂಚಿನಲ್ಲಿರುವ ಸರಕಾರಿ ಶಾಲೆಯ ಪಾಲಕರ ಕಮಿಟಿಗೆ ಆಯ್ಕೆಯಾಗುವ ತನಕ ನನಗೂ ಗಮನಿಸುವ ಪ್ರಸಂಗ ಬಂದಿರಲಿಲ್ಲ. ಆ ಭಂಗಿಯಲ್ಲಿ ಗಾಂಭೀರ್ಯವನ್ನು ಕಾಪಾಡಿಕೊಳ್ಳುವುದು ಯೋಗಿಗಳಿಗೂ ಕಷ್ಟ. ಬಜಾರಿನ ನನ್ನ ಬಟ್ಟೆ ಅಂಗಡಿಯಲ್ಲಿ ಗಾದಿಯ ಮೇಲೆ ದಿಂಬಿಗೆ ಒರಗಿ ಕುಳಿತಾಗ ಲೋಕದ ಸಕಲ ವಿಷಯಗಳ ಬಗ್ಗೆಯೂ ತೀರ್ಪು ಕೊಡಬಲ್ಲ ನಾನು, ಆ ಬೆಂಚಿನಲ್ಲಿ ಕುಳಿತ ಕ್ಷಣ ಮನೆಪಾಠ ಬರೆಯದೆ ಬಂದ ವಿದ್ಯಾರ್ಥಿಯಾಗಿಬಿಡುತ್ತೇನೆ.

ನಾನು ಆಯ್ಕೆಯಾದ ಬಗೆಯನ್ನೂ ಹೇಳಿಬಿಡಬೇಕು. ನಮ್ಮ ಮಗಳು ಗಿರಿಜೆಯನ್ನು ಆ ಶಾಲೆಯ ಕನ್ನಡ ಮೀಡಿಯಮ್ಮಿಗೆ ಸೇರಿಸಿದವಳು ನನ್ನ ಹೆಂಡತಿ ವಿಮಲಾ. ತಾನೂ ಅಲ್ಲೇ ಓದಿದವಳು ಎಂಬ ಒಂದೇ ವಾದದಿಂದ ಅವಳು ನನ್ನ ಬಾಯಿ ಮುಚ್ಚಿಸಿದ್ದಳು. ಕಮಿಟಿಯ ಚುನಾವಣೆಯ ದಿನ ಅವಳಿಗೆ ಜ್ವರ; ಬದಲಿಗೆ ನಾನು ಹೋದೆ. ಇಸ್ತ್ರಿ ಮಾಡಿದ ಅಂಗಿ ತೊಟ್ಟವನು ಅಲ್ಲಿ ನಾನೊಬ್ಬನೇ ಎಂಬ ಕಾರಣಕ್ಕೋ ಏನೋ, ಸಭೆ ಮುಗಿಯುವಷ್ಟರಲ್ಲಿ ಉಪಾಧ್ಯಕ್ಷನಾಗಿದ್ದೆ. ಉಪಾಹಾರ ಊಟವಲ್ಲ, ಉಪನದಿ ನದಿಯಲ್ಲ. ಹಾಗೆಯೇ ಉಪಾಧ್ಯಕ್ಷನಿಗೆ ಕೆಲಸವೇನೂ ಇರಲಾರದೆಂದು ಸಮಾಧಾನಪಟ್ಟುಕೊಂಡು ಮನೆಗೆ ಬಂದೆ. ಅದೇ ‘ಉಪ’ ಉಪದ್ರವದಲ್ಲೂ ಇದೆ ಎಂಬುದು ಆಮೇಲೆ ಗೊತ್ತಾಯಿತು.

ಅಧ್ಯಕ್ಷೆಯಾದವರು ಸುಜಾತಮ್ಮ. ಅವರ ತವರು ಗೋನೆಗಂಡ್ಲ, ಓದಿದ್ದೆಲ್ಲ ತೆಲುಗಿನಲ್ಲಿ. ನಮ್ಮ ಶಾಲೆಯ ಹಿಂದಿನ ಹೊಲಗಳ ಒಂದು ಕನ್ನಡ ರೈತ ಕುಟುಂಬಕ್ಕೆ ಸೊಸೆಯಾಗಿ ಬಂದು, ಅತ್ತೆಯ ಬಾಯಿಂದ ಕನ್ನಡ ಕಲಿತವರು. ಮಗ ಕನ್ನಡ ಮೀಡಿಯಮ್ಮಿನ ಆರನೆಯ ತರಗತಿಯಲ್ಲಿದ್ದ. ಅಧ್ಯಕ್ಷತೆ ಎಂದರೆ ಆಗಸ್ಟ್ ಹದಿನೈದರಂದು ಬಾವುಟದ ಪಕ್ಕ ನಿಲ್ಲುವುದು ಎಂದು ನಾವೆಲ್ಲ ತಿಳಿದಿದ್ದೆವು; ಅವರು ಮಾತ್ರ ಅದನ್ನು ಮನೆಗೆಲಸದಂತೆ ನಡೆಸಿಕೊಂಡರು. ಹೊಲಕ್ಕೆ ಹೋಗುವ ದಾರಿಯಲ್ಲಿ ಶಾಲೆಗೆ ಬಂದು ನಲ್ಲಿಯಲ್ಲಿ ನೀರು ಬರುತ್ತದೆಯೇ, ಹೆಣ್ಣುಮಕ್ಕಳ ಪಾಯಖಾನೆಗೆ ಚಿಲಕವಿದೆಯೇ ಎಂದು ನೋಡಿ ಹೋಗುವರು. ಮಧ್ಯಾಹ್ನದ ಊಟಕ್ಕೆ ಒಮ್ಮೊಮ್ಮೆ ಮಕ್ಕಳ ಸಾಲಿನಲ್ಲೇ ತಟ್ಟೆ ಹಿಡಿದು ಕೂರುವರು. ಸಾರು ನೀರಾಗಿದ್ದರೆ ಅಡುಗೆಯವರನ್ನು ಬೈಯುತ್ತಿರಲಿಲ್ಲ. ಇನ್ನೊಂದಿಷ್ಟು ಸಾರು ಹಾಕಿಸಿಕೊಂಡು ಅವರೆದುರೇ ಉಣ್ಣುತ್ತಿದ್ದರು. ಮರುದಿನದಿಂದ ಸಾರು ತಾನಾಗಿ ಗಟ್ಟಿಯಾಗುತ್ತಿತ್ತು. ಇದಕ್ಕಿಂತ ಸೌಮ್ಯವಾದ ಆಡಳಿತ ವಿಧಾನವನ್ನು ನಾನು ಕಂಡಿಲ್ಲ.

ಹೀಗಿರುವಾಗ ಕನ್ನಡ ವಿಭಾಗದ ಲೆಕ್ಕದ ಮೇಷ್ಟ್ರಿಗೆ ವರ್ಗವಾಯಿತು. ಬದಲಿ ಬರುತ್ತಾರೆಂದು ಕಾದೆವು. ಮಳೆಗಾಲ ಬಂತು, ಮೇಷ್ಟ್ರು ಬರಲಿಲ್ಲ. ಅಷ್ಟರಲ್ಲಿ ಮೇಲಿನಿಂದ ಒಂದು ಮಾತು ಇಳಿದು ಬಂತು. ಕನ್ನಡದ ತರಗತಿಗಳಲ್ಲಿ ಮಕ್ಕಳು ಕಡಿಮೆ. ಪಾಲಕರು ಒಪ್ಪುವುದಾದರೆ ಅದೇ ಆವರಣದ ತೆಲುಗು ಮೀಡಿಯಮ್ಮಿಗೆ ಅವರನ್ನು ಸೇರಿಸಿಬಿಡಬಹುದು, ಅಲ್ಲಿ ಎಲ್ಲ ವಿಷಯಕ್ಕೂ ಮೇಷ್ಟ್ರಿದ್ದಾರೆ. ಕಮಿಟಿ ತನ್ನ ಅಭಿಪ್ರಾಯವನ್ನು ತಿಳಿಸಬೇಕಿತ್ತು.

ಅಂದಿನ ಸಭೆಯಲ್ಲಿ ಬೆಂಚುಗಳು ಸಾಲದೆ ಕೆಲವರು ಗೋಡೆಗೆ ಒರಗಿ ನಿಂತಿದ್ದರು. ಮಾತು ನಿಜವಾಗಿಯೂ ಕಠಿಣವಾಗಿತ್ತು. ಈ ರಾಜ್ಯದಲ್ಲಿ ಬಾಳಬೇಕಾದ ಮಕ್ಕಳು ಇಂದಲ್ಲ ನಾಳೆ ತೆಲುಗನ್ನು ಓದಲೇಬೇಕು, ಮೇಷ್ಟ್ರಿಲ್ಲದ ಕನ್ನಡಕ್ಕಿಂತ ಮೇಷ್ಟ್ರಿರುವ ತೆಲುಗು ವಾಸಿ ಎಂದು ಹಲವರು ಹೇಳಿದರು. ನನಗೂ ಅದು ಸರಿ ಅನ್ನಿಸುತ್ತಿತ್ತು. ಮನೆಯಲ್ಲಿರುವ ವಿಮಲಾಳ ಮುಖ ನೆನಪಾದಾಗ ಮಾತ್ರ ಸರಿ ಅನ್ನಿಸುತ್ತಿರಲಿಲ್ಲ. ಹೆಡ್ಮಾಸ್ತರು ಎರಡೂ ಕಡೆ ತಲೆಯಾಡಿಸುತ್ತಿದ್ದರು. ಕೊನೆಗೆ ಎಲ್ಲರೂ ಸುಜಾತಮ್ಮನತ್ತ ನೋಡಿದೆವು. ತೆಲುಗಿನವರು, ಒಪ್ಪಿಯೇ ಒಪ್ಪುತ್ತಾರೆ ಎಂದು ಎಲ್ಲರೂ ಎಣಿಸಿದ್ದೆವು.

ಅವರು ಸೆರಗನ್ನು ಸರಿಪಡಿಸಿಕೊಂಡು ನಿಧಾನವಾಗಿ ಹೇಳಿದರು: “ನಾ ಈ ಊರಿಗಿ ಬಂದಾಗ ಮನ್ಯಾಗ ಎಲ್ಲಾರೂ ನಕ್ಕರ ನಾನೂ ನಗ್ತಿದ್ದೆರಿ. ಯಾಕ ನಕ್ಕಾರ ಅಂತ ತಿಳೀತಿದ್ದಿಲ್ಲ. ಒಂದು ವರ್ಸ ಹಂಗ ನಕ್ಕೀನಿ. ನಾ ದೊಡ್ಡಾಕಿ, ತಡಕೊಂಡೆ. ಲೆಕ್ಕದ ಕ್ಲಾಸಿನ್ಯಾಗ ಹುಡುಗ್ರನ್ನ ಹಂಗ ಕುಂದ್ರಸೋದು ಬ್ಯಾಡ. ತೆಲುಗು ಕಲೀಲಿ, ನಾನೇ ಕಲಿಸ್ತೀನಿ. ಲೆಕ್ಕ ಮಾತ್ರ ತಿಳಿಯೋ ಮಾತಿನ್ಯಾಗ ಕಲೀಲಿ.”

ಕನ್ನಡ ವಿಭಾಗ ಉಳಿಯಲಿ, ಮೇಷ್ಟ್ರನ್ನು ಕೊಡಿ ಎಂಬ ಅಭಿಪ್ರಾಯ ಮೇಲೆ ಹೋಯಿತು. ಆದರೆ ಅಭಿಪ್ರಾಯ ಲೆಕ್ಕ ಕಲಿಸುವುದಿಲ್ಲವಲ್ಲ! ಹತ್ತನೆಯ ತರಗತಿಯ ಮಕ್ಕಳ ಪರೀಕ್ಷೆ ಯಾರಿಗೂ ಕಾಯುವಂತಿರಲಿಲ್ಲ.

ಆಗ ಸುಜಾತಮ್ಮ ಹೋಗಿ ಕೇಳಿದ್ದು ತೆಲುಗು ವಿಭಾಗದ ಲೆಕ್ಕದ ಮೇಷ್ಟ್ರಾದ ಖಾಜಾ ಸಾರನ್ನು. ಮನೆಯಲ್ಲಿ ಉರ್ದು, ಶಾಲೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ ಮಾತಾಡುವ ಸಪೂರ ಮನುಷ್ಯ ಅವರು. ಬೆಳಗಿನ ನಮಾಜಿಗೆ ಹೇಗೂ ಎದ್ದಿರುತ್ತೇನೆ, ಶಾಲೆ ಶುರುವಾಗುವ ಮುಂಚೆ ಬಂದು ಹೇಳಿಕೊಡುತ್ತೇನೆ ಎಂದರು. ಒಂದೇ ತೊಡಕು: ಅವರಿಗೆ ಕನ್ನಡ ಮಾತು ಬರುತ್ತಿತ್ತೇ ಹೊರತು ಕನ್ನಡ ಲೆಕ್ಕದ ಪುಸ್ತಕದ ಪರಿಭಾಷೆ ಬರುತ್ತಿರಲಿಲ್ಲ. ಪಕ್ಕದಲ್ಲಿ ಕುಳಿತು ಪುಸ್ತಕದ ಕನ್ನಡವನ್ನು ಬಿಡಿಸಿ ಹೇಳಲು ಒಬ್ಬರು ಬೇಕು. ಬೆಳಗ್ಗೆ ತಡವಾಗಿ ಅಂಗಡಿ ತೆಗೆಯುವವನು, ಎರಡೂ ಲಿಪಿಗಳನ್ನು ಓದಬಲ್ಲವನು ಯಾರೆಂದು ಸುಜಾತಮ್ಮ ಆಗಲೇ ಯೋಚಿಸಿಟ್ಟಿದ್ದರು. “ಅಣ್ಣಾ, ನೀವು ಉಪಾಧ್ಯಕ್ಷರಲ್ಲೇನ್ರಿ,” ಎಂದರು. ಅಷ್ಟೇ.

ಹೀಗೆ ನಾನು ಮಧ್ಯವಯಸ್ಸಿನಲ್ಲಿ ಮತ್ತೊಮ್ಮೆ ಹೈಸ್ಕೂಲು ಸೇರಿದೆ. ನಾವು ಚೌಕ ಎನ್ನುವುದನ್ನು ಖಾಜಾ ಸಾರು ಚತುರಸ್ರಂ ಎನ್ನುವರು. ನಮ್ಮ ಪುಟ್ಟ ಆಯತ ಅವರ ಬಾಯಲ್ಲಿ ದೀರ್ಘಚತುರಸ್ರಂ ಆಗಿ ಹಲಗೆಯ ಈ ತುದಿಯಿಂದ ಆ ತುದಿಗೆ ಚಾಚಿಕೊಳ್ಳುವುದು. ಕನ್ನಡದಲ್ಲಿ ಅವಿಭಾಜ್ಯವೆನಿಸಿದ ಸಂಖ್ಯೆ ತೆಲುಗಿನಲ್ಲಿ ಪ್ರಧಾನ ಸಂಖ್ಯೆ. ಒಡೆಯಲಾಗದವರೇ ಪ್ರಧಾನರಾಗುತ್ತಾರೆಂಬ ಈ ತತ್ತ್ವ ನನಗೆ ಬಹಳ ಹಿಡಿಸಿತು. ಆದರೆ ತತ್ತ್ವಕ್ಕೆ ಮಾರುಹೋದ ಭಾಷಾಂತರಕಾರ ಲೆಕ್ಕದಲ್ಲಿ ಹಿಂದೆ ಬೀಳುತ್ತಾನೆ. ತ್ರಿಕೋನಮಿತಿ ಬಂದ ದಿನ ನಾನು ಮೌನವಾಗಿ ಮಕ್ಕಳ ಪುಸ್ತಕದಲ್ಲಿ ಇಣುಕುತ್ತಿದ್ದೆ. ಏಳನೆಯ ತರಗತಿಯ ಗಿರಿಜೆ, ನನ್ನ ಜೊತೆ ಬಂದು ಹಿಂದಿನ ಸಾಲಿನಲ್ಲಿ ಕೂರುತ್ತಿದ್ದವಳು, ಅಪ್ಪನ ಪರಿಚಯವೇ ಇಲ್ಲದವಳಂತೆ ಕಿಟಕಿಯಾಚೆ ನೋಡುತ್ತಿದ್ದಳು.

ಈ ಏರ್ಪಾಡಿಗೆ ಅಡ್ಡಿ ಬಂದದ್ದು ಎದುರು ವಿಭಾಗದಿಂದ. ಶೇರ್ ಆಟೋ ಓಡಿಸುವ ನರಸಿಂಹುಲು ಎಂಬ ತೆಲುಗು ಮೀಡಿಯಮ್ಮಿನ ಪಾಲಕ ಮುಂದಿನ ಸಭೆಯಲ್ಲಿ ಎದ್ದು, ನಮ್ಮ ಸಾರು ಬೆಳಗ್ಗೆಯೇ ನಿಮ್ಮ ಮಕ್ಕಳಿಗೆ ಹೇಳಿಕೊಟ್ಟು ದಣಿದರೆ ನಮ್ಮ ಮಕ್ಕಳ ಗತಿಯೇನು ಎಂದು ಕೇಳಿದ. ಕೇಳಿದ್ದು ಅನ್ಯಾಯವಾಗಿರಲಿಲ್ಲ. ಒಳಗೊಳಗೆ ನನಗೆ ಬೆಳಗಿನ ನಿದ್ರೆ ಮರಳಿ ಸಿಗುವ ಆಸೆಯೂ ಚಿಗುರಿತು. ಸುಜಾತಮ್ಮ ಅವನೊಡನೆ ತೆಲುಗಿನಲ್ಲೇ ಮಾತಾಡಿದರು. ವಾದ ಮಾಡಲಿಲ್ಲ, ನಿನ್ನ ಮಕ್ಕಳನ್ನೂ ಬೆಳಗ್ಗೆ ಕಳಿಸು ತಮ್ಮಾ, ಒಂದೇ ಹಲಗೆಯ ಮುಂದೆ ಎಲ್ಲರೂ ಕೂರಲಿ ಎಂದರು. ಅವನು ತಲೆ ಕೆರೆದುಕೊಂಡು ಕುಳಿತ. ವಾರದೊಳಗೆ ತನ್ನ ಇಬ್ಬರು ಮಕ್ಕಳನ್ನು ಆಟೋದಲ್ಲಿ ಕರೆತಂದ. ಬರುವ ದಾರಿಯಲ್ಲಿ ಕೈಮಾಡಿದ ಕನ್ನಡದ ಮಕ್ಕಳನ್ನೂ ಹತ್ತಿಸಿಕೊಂಡು ಬಂದಿದ್ದ. ಮೊದಮೊದಲು ಕೊಠಡಿಯ ಆಚೆಗೊಂದು ಈಚೆಗೊಂದು ಗುಂಪಾಗಿ ಕೂರುತ್ತಿದ್ದ ಮಕ್ಕಳು ಚಳಿಗಾಲದ ಹೊತ್ತಿಗೆ ಕಲಸಿಹೋದರು. ನಾನು ತಡವರಿಸಿದ ಕಡೆ ಅವರವರೇ ಭಾಷಾಂತರ ಮಾಡಿಕೊಳ್ಳತೊಡಗಿದಾಗ, ನನ್ನ ಹುದ್ದೆಗೆ ಸಂಚಕಾರ ಬಂತೆಂದು ಸಂತೋಷಪಟ್ಟೆ.

ಆ ಬೆಳಗಿನ ತರಗತಿಯಲ್ಲಿ ಈರಮ್ಮ ಎಂಬ ಹುಡುಗಿ ಇದ್ದಳು. ಹತ್ತನೆಯ ತರಗತಿ, ಪೆದ್ದಕಡುಬೂರಿನ ಕಡೆಯ ಹಳ್ಳಿಯಿಂದ ಬರುವವಳು. ಹತ್ತಿ ಬಿಡಿಸುವ ಕಾಲ ಬಂದಾಗ ತಾಯಿಯ ಜೊತೆ ಹೊಲಕ್ಕೆ ಹೋಗಿ ಹಲವು ದಿನ ತಪ್ಪಿಸಿಕೊಂಡಳು. ಪರೀಕ್ಷೆಯ ಫಲಿತಾಂಶ ಬಂದಾಗ ಕನ್ನಡ ವಿಭಾಗದಲ್ಲಿ ಉಳಿದವರೆಲ್ಲ ತೇರ್ಗಡೆಯಾಗಿದ್ದರು, ಕೆಲವರಂತೂ ನಾವು ನಂಬದಷ್ಟು ಅಂಕಗಳೊಡನೆ. ಈರಮ್ಮ ಲೆಕ್ಕದಲ್ಲಿ ಫೇಲಾಗಿದ್ದಳು. ಹೆಡ್ಮಾಸ್ತರು ಪೇಡೆ ಹಂಚಿದರು. ಖಾಜಾ ಸಾರು ತಮ್ಮ ಪೇಡೆಯನ್ನು ಕೈಯಲ್ಲೇ ಹಿಡಿದುಕೊಂಡು ನಿಂತಿದ್ದರು.

ಮಾರನೆಯ ದಿನ ಸುಜಾತಮ್ಮ, ಖಾಜಾ ಸಾರು, ನಾನು ನರಸಿಂಹುಲುವಿನ ಆಟೋದಲ್ಲಿ ಅವಳ ಊರಿಗೆ ಹೋದೆವು. ಅಪ್ಪ ಹನುಮಂತಪ್ಪ ಕಟ್ಟೆಯ ಮೇಲೆ ಕುಳಿತಿದ್ದ. ನೀರು ಕೊಟ್ಟ, ಮಾತು ಕೊಡಲಿಲ್ಲ. ಓದಿದ್ದು ಸಾಕು, ಒಂದು ಕಡೆ ಸಂಬಂಧ ನೋಡಿದ್ದೇವೆ ಎಂದಷ್ಟೇ ಹೇಳಿದ. ಒಳಬಾಗಿಲಲ್ಲಿ ಈರಮ್ಮನ ಸೆರಗು ಕಾಣುತ್ತಿತ್ತು. ಶಾಲೆಯಲ್ಲಿ ಎಂದೂ ಸೀರೆ ಉಡದ ಹುಡುಗಿ ಅದು. ಸಣ್ಣ ವಯಸ್ಸು, ಕಾನೂನು ಎಂದು ನಾನು ಉಪನ್ಯಾಸ ಆರಂಭಿಸಿದೆ; ಅವನು ಎದ್ದು ದನಕ್ಕೆ ಹುಲ್ಲು ಹಾಕಲು ಹೋದ. ಉಪನ್ಯಾಸದಲ್ಲೂ ‘ಉಪ’ ಇದೆ ನೋಡಿ.

ಅವನು ತಿರುಗಿ ಬಂದಾಗ ಖಾಜಾ ಸಾರು ಮಾತಾಡಿದರು. ಮಾತು ಕಡಿಮೆಯ ಮನುಷ್ಯ ಅವರು. “ಹನುಮಂತಪ್ಪಾ, ತಪ್ಪು ಆಕೀದಲ್ಲ. ಆಕಿ ಹೊಲಕ್ಕ ಹೋದ ದಿನಗಳ ಪಾಠ ನಾ ತಿರುಗಿ ಹೇಳಿಲ್ಲ. ನಂದು ಒಂದು ಪಾಠ ಬಾಕಿ ಐತಿ. ಅದಷ್ಟು ಹೇಳಾಕ ಬಿಡು. ಆಮ್ಯಾಲ ನಿನ್ನ ಮಗಳು, ನಿನ್ನ ಇಷ್ಟ.”

ಹನುಮಂತಪ್ಪ ಕೈಯಲ್ಲಿದ್ದ ದನದ ಹಗ್ಗದ ತುದಿಯನ್ನು ಹೊಸೆದು ಗಂಟು ಹಾಕಿದ. ಆಮೇಲೆ ಒಳಗೆ ತಿರುಗಿ, ನಾಳೆಯಿಂದ ಹೋಗು ಎಂದ. ಒಪ್ಪಿದ್ದು ಸಪ್ಲಿಮೆಂಟರಿ ಪರೀಕ್ಷೆಯ ತನಕ ಮಾತ್ರ. ಆ ಬೇಸಿಗೆ, ಆದೋನಿಯ ರಸ್ತೆಗಳಲ್ಲಿ ಡಾಂಬರು ಕರಗಿ ಚಪ್ಪಲಿಗೆ ಅಂಟುವ ಬಿಸಿಲಿನಲ್ಲಿ, ರಜೆಯ ಶಾಲೆಯ ಒಂದು ಕೊಠಡಿ ಬೆಳಗ್ಗೆ ಬೆಳಗ್ಗೆ ತೆರೆಯುತ್ತಿತ್ತು. ಈರಮ್ಮ ಒಬ್ಬಳೇ ಕೂರಬಾರದೆಂದು ಗಿರಿಜೆಯೂ ಹೋಗುತ್ತಿದ್ದಳು. ಸುಜಾತಮ್ಮ ಮಜ್ಜಿಗೆ ತರುತ್ತಿದ್ದರು. ನಾನು ಹಾಳೆ ಹಿಡಿದು ಬೀಸಿಕೊಳ್ಳುತ್ತ, ಉಪಯೋಗವೇನೂ ಇಲ್ಲದಿದ್ದರೂ ಹಾಜರಿರುತ್ತಿದ್ದೆ.

ಫಲಿತಾಂಶದ ದಿನ ಅಂಗಡಿಯಲ್ಲಿ ಗಿರಾಕಿಗಳಿದ್ದರು. ಫೋನು ಬಂತು. ನನ್ನೊಡನೆ ಒಂದು ದಿನವೂ ಕನ್ನಡ ಬಿಟ್ಟು ಮಾತಾಡದ ಸುಜಾತಮ್ಮ, ಅಂದು ಅದನ್ನು ಪೂರ್ತಿ ಮರೆತು, “ಪಾಸೈಂದಿ ಅಣ್ಣಾ, ಮನ ಈರಮ್ಮ ಪಾಸೈಂದಿ” ಎಂದರು. ಮನ ಎಂದರೆ ತೆಲುಗಿನಲ್ಲಿ ನಮ್ಮ, ನಮ್ಮೆಲ್ಲರ ಎಂದು. ಗಿರಾಕಿಗೆ ತೋರಿಸುತ್ತಿದ್ದ ಬಟ್ಟೆಯಲ್ಲಿ ಮುಖ ಒರೆಸಿಕೊಂಡುಬಿಟ್ಟೆ. ಅದನ್ನು ಅವರಿಗೆ ಮಾರುವಂತಿರಲಿಲ್ಲ.

ಆ ಬೇಸಿಗೆ ಕಳೆದು ಶಾಲೆ ತೆರೆದಾಗ ಚಿಪ್ಪಗಿರಿಯ ಕಡೆಯಿಂದ ಕನ್ನಡದ ಲೆಕ್ಕದ ಟೀಚರು ಬಂದರು. ಬೆಳಗಿನ ತರಗತಿಯನ್ನು ಅವರೂ ಖಾಜಾ ಸಾರೂ ಹಂಚಿಕೊಂಡು ನಡೆಸುತ್ತಿದ್ದಾರೆ. ನಮ್ಮದು ಪತ್ರಿಕೆಯಲ್ಲಿ ಹೆಸರು ಬರುವ ಶಾಲೆಯಲ್ಲ. ಒಂದು ಕೊಠಡಿ ಈಗಲೂ ಸೋರುತ್ತದೆ, ಆಟದ ಬಯಲಿಗೆ ಇನ್ನೂ ಗೋಡೆಯಿಲ್ಲ. ಆದರೂ ಶಾಲೆಯೊಂದು ಹೇಗೆ ನಡೆಯುತ್ತದೆಂದು ಯಾರಾದರೂ ಕೇಳಿದರೆ, ಬೆಳಗ್ಗೆ ಬೇಗ ಏಳುವವರಿಂದ ನಡೆಯುತ್ತದೆ ಎನ್ನುತ್ತೇನೆ. ಆ ಕೆಲವರ ಪಕ್ಕದಲ್ಲಿ ಕೂರುವ ಭಾಗ್ಯ, ಹೆಂಡತಿಯ ಜ್ವರದ ದೆಸೆಯಿಂದಲಾದರೂ, ನನಗೆ ದೊರೆಯಿತು.

ಮೊನ್ನೆ ಕಮಿಟಿಗೆ ಮತ್ತೆ ಚುನಾವಣೆ. ಹೆಡ್ಮಾಸ್ತರು ಹೆಸರುಗಳನ್ನು ಕೇಳಿದಾಗ ಎಂದಿನಂತೆ ಎಲ್ಲರೂ ನೆಲ ನೋಡುತ್ತಿದ್ದರು. ಬಾಗಿಲ ಬಳಿ ಒಬ್ಬ ಎದ್ದು ನಿಂತ. ಹನುಮಂತಪ್ಪ. ಅವನ ಕಿರಿಯ ಮಗಳು ಈ ವರ್ಷ ಆರನೆಯ ತರಗತಿಗೆ ಬಂದಿದ್ದಾಳೆ. ಈರಮ್ಮ ಆದೋನಿಯ ಜೂನಿಯರ್ ಕಾಲೇಜಿನಲ್ಲಿದ್ದಾಳೆ.

“ನಂಗ ಓದಾಕ ಬರಂಗಿಲ್ರಿ,” ಎಂದ. “ಆದ್ರ ಯಾರ ಮನ್ಯಾಗ ಹುಡುಗಿ ಸಾಲಿ ಬಿಟ್ಟಾಳ ಅಂದ್ರ, ನಾ ಹೋಗಿ ಮಾತಾಡ್ತೀನಿ. ನನ್ನ ಮಾತು ಅವರು ಕೇಳ್ತಾರ.”

ಸುಜಾತಮ್ಮ ತಾವು ಕುಳಿತಿದ್ದ ಬೆಂಚಿನಲ್ಲಿ ಸರಿದು ಅವನಿಗೆ ಜಾಗ ಮಾಡಿಕೊಟ್ಟರು.